ಹಳೆಯ ಕಾರಿಗೆ ಅಗ್ಗದ ಅಲಂಕಾರ: ಯಾವುದಕ್ಕೆ ದುಡ್ಡು ಹಾಕಬಹುದು, ಯಾವುದಕ್ಕೆ ಬೇಡ

ಹತ್ತು ವರ್ಷ ದಾಟಿದ ಕಾರು ಹಳತಾಗಿ ಕಾಣುವುದು ಬಣ್ಣದಿಂದಲ್ಲ. ಕಾರ್ಖಾನೆಯಲ್ಲಿ ಬಳಿದ ಬಣ್ಣವೂ ಅದರ ಮೇಲಿನ ಪಾರದರ್ಶಕ ಲೇಪವೂ, ಗೀರುಗಳನ್ನು ಬಿಟ್ಟರೆ, ಸಾಮಾನ್ಯವಾಗಿ ಬಹುಕಾಲ ಬಾಳುತ್ತವೆ. ವಯಸ್ಸನ್ನು ಬಯಲು ಮಾಡುವವು ಹಳದಿಗಟ್ಟಿದ ಹೆಡ್‌ಲೈಟ್, ಬೂದಿಬಣ್ಣಕ್ಕೆ ತಿರುಗಿದ ಕಪ್ಪು ಪ್ಲಾಸ್ಟಿಕ್ ಭಾಗಗಳು, ಚರ್ಮ ಸುಲಿದ ಸ್ಟೀರಿಂಗ್ ಮತ್ತು ಒಂದು ಕಡೆ ಒಡೆದ ವೀಲ್ ಕ್ಯಾಪ್. ನಮ್ಮ ಮನೆಯ ಹ್ಯಾಚ್‌ಬ್ಯಾಕ್ ಈ ಸ್ಥಿತಿಗೆ ಬಂದಾಗ ಗ್ಯಾರೇಜಿಗೆ ಕೊಡದೆ, ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಿಂದಲೂ ಆನ್‌ಲೈನ್‌ನಿಂದಲೂ ಸಾಮಾನು ತರಿಸಿ ಒಂದೊಂದೇ ಕೆಲಸವನ್ನು ಮನೆಯ ಮುಂದೆಯೇ ಮಾಡಿ ನೋಡಿದೆ. ಆ ಸಾಮಾನುಗಳ ವಿಮರ್ಶೆ ಇದು. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಗಾಡಿಗೆ ಮೊದಲೇ ಇದ್ದದ್ದನ್ನು ಮರಳಿ ಕೊಡುವ ಅಗ್ಗದ ಸಾಮಾನು ಬಹುಮಟ್ಟಿಗೆ ಕೊಟ್ಟ ಹಣಕ್ಕೆ ಮೋಸ ಮಾಡುವುದಿಲ್ಲ, ಇಲ್ಲದ್ದನ್ನು ತಂದು ಅಂಟಿಸುವ ಅಗ್ಗದ ಸಾಮಾನು ಬಹುಮಟ್ಟಿಗೆ ಅಗ್ಗವಾಗಿಯೇ ಕಾಣುತ್ತದೆ.

ಮೊದಲಿಗೆ ಹೆಡ್‌ಲೈಟ್. ಒಂದೇ ಕೆಲಸಕ್ಕೆ ಮಾತ್ರ ಸಮಯವಿದೆ ಎನ್ನುವವರಿಗೆ ನಾನು ಸೂಚಿಸುವುದು ಇದನ್ನೇ. ಈಗಿನ ಕಾರುಗಳ ಹೆಡ್‌ಲೈಟ್‌ನ ಹೊರಮೈ ಗಾಜಲ್ಲ, ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್. ಅದು ಕಲ್ಲೇಟಿಗೆ ಸುಲಭವಾಗಿ ಒಡೆಯುವುದಿಲ್ಲ, ಆದರೆ ಬಿಸಿಲಿನ ಅತಿನೇರಳೆ ಕಿರಣ ತಾಕಿದರೆ ಹಳದಿಗಟ್ಟುತ್ತದೆ. ಆ ಕಾರಣಕ್ಕೆ ತಯಾರಕರು ಅದರ ಮೇಲೆ ಗಟ್ಟಿಯಾದೊಂದು ರಕ್ಷಣಾ ಲೇಪ ಕೊಟ್ಟಿರುತ್ತಾರೆ. ವರ್ಷಗಳ ಬಿಸಿಲು, ಧೂಳು, ಒಣಬಟ್ಟೆಯ ಒರೆತ ಇವೆಲ್ಲ ಸೇರಿ ಆ ಲೇಪ ಸವೆದು ಬಿರುಕು ಬಿಟ್ಟ ಮೇಲೆಯೇ ಮಬ್ಬು ಶುರುವಾಗುವುದು. ಹೀಗಾಗಿ ಹೆಡ್‌ಲೈಟ್ ತಿಳಿಯಾಗಿಸುವುದೆಂದರೆ ಎರಡು ಕೆಲಸ: ಸತ್ತ ಲೇಪವನ್ನು ಪೂರ್ತಿ ತೆಗೆಯುವುದು ಮತ್ತು ಅದರ ಜಾಗದಲ್ಲಿ ಹೊಸ ಲೇಪ ಕೊಡುವುದು. ಮಾರುಕಟ್ಟೆಯ ಕಿಟ್‌ಗಳ ಗುಣವನ್ನು ಅಳೆಯಬೇಕಾದದ್ದು ಈ ಎರಡನೆಯ ಕೆಲಸದಿಂದ.

ಆರುನೂರು ರೂಪಾಯಿಯಿಂದ ಒಂದೂವರೆ ಸಾವಿರದವರೆಗೆ ಸಿಗುವ ಕಿಟ್‌ಗಳಲ್ಲಿ ಹೆಚ್ಚುಕಡಿಮೆ ಒಂದೇ ಸಾಮಾನು ಇರುತ್ತದೆ: ಬೇರೆ ಬೇರೆ ನಂಬರಿನ ವಾಟರ್ ಪೇಪರ್ (ನೀರಿನಲ್ಲಿ ನೆನೆಸಿ ಉಜ್ಜುವ ಮರಳುಕಾಗದ, ನಂಬರು ಹೆಚ್ಚಿದಷ್ಟೂ ನುಣುಪು), ಒಂದು ಚಿಕ್ಕ ಟ್ಯೂಬ್ ಪಾಲಿಷ್, ಒಂದು ಬಟ್ಟೆ, ಅದೃಷ್ಟವಿದ್ದರೆ ರಕ್ಷಣಾ ಲೇಪದ ಒಂದು ಪೊಟ್ಟಣ. ನಾನು ಮೊದಲು ತರಿಸಿದ ಕಿಟ್ಟಿನಲ್ಲಿ ಪೇಪರೇ ಇರಲಿಲ್ಲ, ‘ಒರೆಸಿದರೆ ಸಾಕು’ ಎಂದು ಬರೆದ ದ್ರಾವಣವಷ್ಟೇ ಇತ್ತು. ಒರೆಸಿದ ಕ್ಷಣ ಹೆಡ್‌ಲೈಟ್ ಹೊಸದರಂತೆ ಕಂಡದ್ದು ನಿಜ. ಎಣ್ಣೆಯಂಥ ಆ ದ್ರಾವಣ ಗೀರುಗಳನ್ನು ತುಂಬಿ ಮರೆಮಾಡಿತ್ತು ಅಷ್ಟೆ, ಒಂದೆರಡು ಮಳೆಗೆ ತೊಳೆದುಹೋಯಿತು. ಟೂತ್‌ಪೇಸ್ಟಿನಿಂದ ಉಜ್ಜುವ ಮನೆಮದ್ದೂ ಇದೇ ಜಾತಿಯದು. ಅದರಲ್ಲಿರುವ ನುಣುಪಾದ ಪುಡಿ ಮೇಲ್ಮೈಯನ್ನು ಸ್ವಲ್ಪ ಉಜ್ಜುತ್ತದೆಯೇ ಹೊರತು ಹಳೆಯ ಲೇಪವನ್ನು ತೆಗೆಯುವಷ್ಟು ಶಕ್ತಿ ಅದಕ್ಕಿಲ್ಲ, ಹೊಸ ರಕ್ಷಣೆಯನ್ನಂತೂ ಕೊಡುವುದಿಲ್ಲ.

ಕಿಟ್ ಬದಲು ಹಾರ್ಡ್‌ವೇರ್ ಅಂಗಡಿಯಲ್ಲಿ 800, 1500, 2000 ಮತ್ತು ಸಿಕ್ಕರೆ 3000 ನಂಬರಿನ ವಾಟರ್ ಪೇಪರ್ ಬಿಡಿಯಾಗಿ ತೆಗೆದುಕೊಂಡರೆ ಖರ್ಚು ತೀರಾ ಕಡಿಮೆ, ಫಲಿತಾಂಶ ಅಷ್ಟೇ ಚೆನ್ನ. ಹೆಡ್‌ಲೈಟ್‌ನ ಸುತ್ತಲಿನ ಬಣ್ಣಕ್ಕೆ ಎರಡು ಸುತ್ತು ಮಾಸ್ಕಿಂಗ್ ಟೇಪ್ ಹಚ್ಚಿ, ಬಕೆಟ್ ನೀರಿಗೆ ಒಂದೆರಡು ಹನಿ ಶಾಂಪೂ ಬೆರೆಸಿ, ಪೇಪರನ್ನು ಅದರಲ್ಲಿ ನೆನೆಸಿ, ಮೇಲ್ಮೈ ಒಣಗದಂತೆ ನೋಡಿಕೊಳ್ಳುತ್ತ ಮೊದಲು ಅಡ್ಡಡ್ಡ, ಮುಂದಿನ ನಂಬರಿಗೆ ಉದ್ದುದ್ದ ಹೀಗೆ ದಿಕ್ಕು ಬದಲಿಸಿಕೊಂಡು ಉಜ್ಜಬೇಕು. ದಿಕ್ಕು ಬದಲಿಸಿದರೆ ಹಿಂದಿನ ಪೇಪರಿನ ಗೀರು ಹೋಗಿದೆಯೋ ಉಳಿದಿದೆಯೋ ಎಂಬುದು ಕಣ್ಣಿಗೆ ತಿಳಿಯುತ್ತದೆ. ಇಲ್ಲಿ ಗಮನಿಸಬೇಕಾದದ್ದು ಇಳಿಯುವ ನೀರಿನ ಬಣ್ಣ. 800ರ ಪೇಪರಿಗೆ ಮೊದಮೊದಲು ಇಳಿಯುವುದು ಹಳದಿ ಮಿಶ್ರಿತ ಗಸಿ. ಹಳೆಯ ಲೇಪ ಪೂರ್ತಿ ಹೋದ ಮೇಲೆ ಅದು ಹಾಲಿನಂತೆ ಬೆಳ್ಳಗಾಗುತ್ತದೆ. ಹಳದಿ ಇಳಿಯುತ್ತಿರುವಾಗಲೇ ಅವಸರ ಮಾಡಿ ಮುಂದಿನ ನಂಬರಿಗೆ ಹೋದರೆ, ಕೊನೆಗೆ ಪಾಲಿಷ್ ಮಾಡಿದಾಗ ಉಳಿದ ಲೇಪ ಅಲ್ಲಲ್ಲಿ ನಕ್ಷೆಯ ದ್ವೀಪಗಳಂತೆ ಅಂಚುಸಮೇತ ಎದ್ದು ಕಾಣುತ್ತದೆ. 2000 ಮುಗಿದ ಹೊತ್ತಿಗೆ ಹೆಡ್‌ಲೈಟ್ ಬಾತ್‌ರೂಮಿನ ಕಿಟಕಿ ಗಾಜಿನಷ್ಟು ಮಸುಕಾಗಿ, ಮೊದಲಿಗಿಂತ ಕೆಟ್ಟದಾಗಿ ಕಾಣುವುದರಿಂದ ಹಲವರು ಇಲ್ಲಿಯೇ ಗಾಬರಿಯಾಗುತ್ತಾರೆ. ಒಂದು ಲೋಟ ನೀರು ಸುರಿದು ನೋಡಿದರೆ ಸಾಕು. ನೀರಿರುವಷ್ಟು ಹೊತ್ತು ಎಲ್ಲ ಕಡೆಯೂ ಒಂದೇ ಸಮನೆ ತಿಳಿಯಾಗಿ ಕಂಡರೆ ಪಾಲಿಷ್ ಆದ ಮೇಲೂ ಹಾಗೆಯೇ ಇರುತ್ತದೆ.

ಲೇಪದ ವಿಷಯದಲ್ಲಿ ಮೂರು ದಾರಿಗಳಿವೆ. ಬಟ್ಟೆಯಿಂದ ಒರೆಸಿ ಹಚ್ಚುವ ಲೇಪ ಸುಲಭ, ಆದರೆ ಆಗಾಗ ಮತ್ತೆ ಹಚ್ಚುತ್ತಿರಬೇಕು. ಗಟ್ಟಿಕಾರಕ ಬೆರೆಸುವ ಟೂ-ಕೆ ಕ್ಲಿಯರ್ ಸ್ಪ್ರೇ ಎಲ್ಲಕ್ಕಿಂತ ಹೆಚ್ಚು ಕಾಲ ಬಾಳುತ್ತದೆ, ಆದರೆ ಅದರಲ್ಲಿರುವ ಐಸೋಸಯನೇಟ್ ಶ್ವಾಸಕೋಶಕ್ಕೆ ಅಪಾಯಕಾರಿ, ಮಾಮೂಲು ಬಟ್ಟೆಯ ಮಾಸ್ಕ್ ಅದನ್ನು ತಡೆಯುವುದಿಲ್ಲ. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಅದನ್ನು ಊದಬೇಡಿ ಎಂದು ಖಂಡಿತವಾಗಿ ಹೇಳುತ್ತೇನೆ. ಮೂರನೆಯದು ಪಿಪಿಎಫ್, ಅಂದರೆ ಬಣ್ಣದ ರಕ್ಷಣೆಗೆ ಹಚ್ಚುವ ಪಾರದರ್ಶಕ ಹಾಳೆ. ಇಡೀ ಗಾಡಿಗೆ ಹಚ್ಚಿಸಿದರೆ ಲಕ್ಷ ದಾಟಬಹುದಾದ ಈ ಹಾಳೆಯ ಉಳಿಕೆ ತುಂಡುಗಳನ್ನು ಕೇಳಿದರೆ ಕೆಲವು ಅಂಗಡಿಯವರು ಕಡಿಮೆ ಬೆಲೆಗೆ ಕೊಡುತ್ತಾರೆ. ಸೋಪಿನ ನೀರು ಚಿಮುಕಿಸಿ, ಜಾರಿಸಿ ಕೂರಿಸಿ, ನೀರನ್ನು ಹೊರಗೆ ತಳ್ಳಿದರೆ ಹೆಡ್‌ಲೈಟ್‌ಗೆ ಬಹುಕಾಲದ ರಕ್ಷಣೆ ಸಿಗುತ್ತದೆ. ನಾನು ಉಳಿಸಿಕೊಂಡಿರುವುದು ಇದನ್ನೇ. ಮುಂಗಾರಿನ ಕೊಳೆ ಹೊಡೆತವನ್ನೂ ಅದರ ಹಿಂದಿನ ಬಿಸಿಲನ್ನೂ ತಡೆದು ಈಗಲೂ ತಿಳಿಯಾಗಿದೆ. ಅಂದಕ್ಕೆಂದು ಮಾಡಿದ ಈ ಕೆಲಸದಿಂದ ರಾತ್ರಿಯ ಬೆಳಕೂ ಸುಧಾರಿಸುವುದರಿಂದ ಉಳಿದ ಯಾವ ಸಾಮಾನಿಗೂ ಇಷ್ಟು ಅಂಕ ಕೊಡಲಾರೆ. ಮಬ್ಬು ಲೆನ್ಸಿನ ಒಳಮೈಯಲ್ಲಿದ್ದರೆ ಅಥವಾ ಒಳಗೆ ನೀರಿನ ಹನಿ ಕಟ್ಟುತ್ತಿದ್ದರೆ ಮಾತ್ರ ಇದಾವುದೂ ಪ್ರಯೋಜನವಿಲ್ಲ, ಅದು ಸೀಲ್ ಹೋದ ಲಕ್ಷಣ.

ಕಪ್ಪು ಪ್ಲಾಸ್ಟಿಕ್‌ಗೆ ಹಚ್ಚುವ ದ್ರಾವಣಗಳಲ್ಲಿ ಸಿಲಿಕೋನ್ ಆಧಾರಿತವಾದವು ಹೊಳಪು ಕೊಟ್ಟು ಬೇಗ ತೊಳೆದುಹೋಗುತ್ತವೆ. ಹೊಳಪಿಗಿಂತ ಕಪ್ಪನ್ನು ಮರಳಿಸುವ, ಹಚ್ಚಿದ ಮೇಲೆ ಒಣಗಿ ಗಟ್ಟಿಯಾಗುವ ಸೆರಾಮಿಕ್ ಜಾತಿಯವು ದುಬಾರಿಯಾದರೂ ಒಂದು ಮಳೆಗಾಲವನ್ನು ದಾಟಿಸುತ್ತವೆ. ಒಂದು ಚಿಕ್ಕ ಬಾಟಲಿ ಬಂಪರ್ ಅಂಚು, ವೈಪರ್ ಕೆಳಗಿನ ಪಟ್ಟಿ, ಕನ್ನಡಿಯ ಬುಡ ಎಲ್ಲಕ್ಕೂ ಸಾಕಾಗುತ್ತದೆ. ಹಚ್ಚುವ ಮೊದಲು ಹಳೆಯ ಪಾಲಿಷ್ ಮತ್ತು ಮೇಣವನ್ನು ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ತೊಳೆದು ಪೂರ್ತಿ ಒಣಗಿಸಬೇಕು, ಇಲ್ಲವಾದರೆ ಪಟ್ಟೆ ಪಟ್ಟೆಯಾಗುತ್ತದೆ. ಕೊಬ್ಬರಿ ಎಣ್ಣೆ ಹಚ್ಚುವವರಿದ್ದಾರೆ. ಸಂಜೆಗೆ ಕಪ್ಪು, ಮರುದಿನಕ್ಕೆ ಧೂಳು. ಹೀಟ್ ಗನ್ ಹಿಡಿದು ಪ್ಲಾಸ್ಟಿಕ್ಕಿನ ಒಳಗಿನ ಕಪ್ಪನ್ನೇ ಮೇಲಕ್ಕೆ ತರುವ ವಿಡಿಯೊಗಳನ್ನು ನೋಡಿ ಮರುಳಾಗುವುದು ಸಹಜ. ಅದು ಕೆಲಸ ಮಾಡುತ್ತದೆ, ಆದರೆ ಒಂದು ಕ್ಷಣ ಹೆಚ್ಚಾದರೆ ಬಂಪರಿನ ಮೇಲಿನ ಸಣ್ಣ ಚುಕ್ಕಿಗಳ ವಿನ್ಯಾಸವೇ ಕರಗಿ ನುಣುಪಾಗುತ್ತದೆ, ಪಕ್ಕದ ಬಣ್ಣವೂ ಉಬ್ಬಬಹುದು.

ಮುಂದಿನದು ಛಾವಣಿಯ ಬಣ್ಣದ ಮೇಲೆ ಅಂಟಿಸುವ ವಿನೈಲ್ ಎಂಬ ಪ್ಲಾಸ್ಟಿಕ್ ಹಾಳೆ, ಜನ ಹೇಳುವಂತೆ ‘ರೂಫ್ ರ‍್ಯಾಪ್’. ಬಿಳಿಯ ಅಥವಾ ಕೆಂಪು ಗಾಡಿಗೆ ಕಪ್ಪು ಛಾವಣಿ ಈಗ ಕಂಪನಿಗಳೇ ಹೆಚ್ಚು ಹಣ ಪಡೆದು ಕೊಡುವ ಅಲಂಕಾರವಾದ್ದರಿಂದ ಹಳೆಯ ಗಾಡಿಗೂ ಅದು ಕೃತಕವಾಗಿ ಕಾಣುವುದಿಲ್ಲ. ಇಲ್ಲಿ ಇಡೀ ಫಲಿತಾಂಶ ಹಾಳೆ ಕ್ಯಾಲೆಂಡರ್ಡ್ ಜಾತಿಯದೋ ಕಾಸ್ಟ್ ಜಾತಿಯದೋ ಎಂಬುದರ ಮೇಲೆ ನಿಂತಿದೆ. ಕ್ಯಾಲೆಂಡರ್ಡ್ ಹಾಳೆಯನ್ನು ಬಿಸಿ ರೋಲರುಗಳ ನಡುವೆ ಹಿಂಡಿ, ಎಳೆದು ತೆಳ್ಳಗೆ ಮಾಡಿರುತ್ತಾರೆ. ಹಾಗೆ ಎಳೆಸಿಕೊಂಡದ್ದು ಬಿಸಿಲು ಬಿದ್ದಾಗ ಮೊದಲಿನ ಅಳತೆಗೆ ಮರಳಲು ನೋಡುತ್ತದೆ, ಅಂಚುಗಳು ಹಿಂದೆ ಸರಿದು ಅಂಟು ಬಯಲಾಗಿ ಧೂಳು ಹಿಡಿದ ಕಪ್ಪು ಗೆರೆ ಮೂಡುತ್ತದೆ. ಕಾಸ್ಟ್ ಹಾಳೆಯನ್ನು ದ್ರವರೂಪದಲ್ಲಿ ಹರಡಿ ಒಣಗಿಸಿರುವುದರಿಂದ ಅದರಲ್ಲಿ ಈ ಎಳೆತ ಇರುವುದಿಲ್ಲ, ಅದು ತೆಳ್ಳಗಿದ್ದು ತಿರುವುಗಳಿಗೆ ಒಗ್ಗುತ್ತದೆ. ಥ್ರೀಎಂ ಕಂಪನಿಯ 2080 ಸರಣಿ ಮತ್ತು ಏವರಿ ಡೆನಿಸನ್‌ನ ಸುಪ್ರೀಮ್ ರ‍್ಯಾಪಿಂಗ್ ಫಿಲ್ಮ್ ಈ ಎರಡನೆಯ ಜಾತಿಗೆ ಸೇರಿದವು. ಇವುಗಳ ಅಂಟಿನಲ್ಲಿ ಗಾಳಿ ಹೊರಹೋಗಲು ಕಣ್ಣಿಗೆ ಕಾಣದಷ್ಟು ಸಣ್ಣ ಕಾಲುವೆಗಳಿರುವುದರಿಂದ ಗುಳ್ಳೆ ಬಂದರೂ ಬೆರಳಿನಿಂದ ಅಂಚಿಗೆ ತಳ್ಳಬಹುದು. ಸುರುಳಿಯ ಅಗಲ ಐದು ಅಡಿ ಇರುವುದರಿಂದ ಸಣ್ಣ ಕಾರಿನ ಛಾವಣಿ ಜೋಡಣೆಯಿಲ್ಲದೆ ಒಂದೇ ತುಂಡಿನಲ್ಲಿ ಮುಚ್ಚುತ್ತದೆ.

ಬೆಲೆಯ ಅಂತರ ದೊಡ್ಡದು. ಸ್ಟಿಕ್ಕರ್ ಅಂಗಡಿಯ ಮಾಮೂಲು ಕ್ಯಾಲೆಂಡರ್ಡ್ ಹಾಳೆಯ ನಾಲ್ಕೈದು ಪಟ್ಟು ಬೆಲೆ ಕಾಸ್ಟ್ ಹಾಳೆಗೆ ಬೀಳುತ್ತದೆ. ಆ ಕಾರಣಕ್ಕೇ ‘ಇದೂ ಕಾಸ್ಟೇ ಸಾರ್, ಬ್ರ್ಯಾಂಡ್ ಮಾತ್ರ ಬೇರೆ’ ಎಂದು ಮಾಮೂಲು ಹಾಳೆ ಮಾರುವವರೂ ಇದ್ದಾರೆ. ನನಗೂ ಒಂದು ಅಂಗಡಿಯಲ್ಲಿ ಅದನ್ನೇ ಸುತ್ತಿ ಕೊಡಲು ಹೊರಟಿದ್ದರು. ಹಾಳೆಯ ಒಂದು ಮೂಲೆಯನ್ನು ಕೈಯಿಂದ ಎಳೆದು, ಹೇರ್ ಡ್ರೈಯರಿನ ಬಿಸಿ ತೋರಿಸಿ ನೋಡಲು ಬಿಡುವ ಅಂಗಡಿಯಲ್ಲೇ ಕೊಳ್ಳುವುದು ಒಳ್ಳೆಯದು. ಹಿಂಬದಿಯ ಕಾಗದದ ಮೇಲೆ ತಯಾರಕರ ಹೆಸರು ಮುದ್ರಿತವಾಗಿದೆಯೇ ಎಂದೂ ನೋಡಬೇಕು. ಛಾವಣಿಗೆ ಸಾಲುವಷ್ಟು ಅಸಲಿ ಹಾಳೆ, ಹಾಳೆಯನ್ನು ಒತ್ತಿ ಕೂರಿಸುವ ಫೆಲ್ಟ್ ಅಂಚಿನ ಪಟ್ಟಿ (ಸ್ಕ್ವೀಜಿ), ಮೊದಲು ಜಿಡ್ಡು ಒರೆಸಲು ಐಸೋಪ್ರೊಪೈಲ್ ಆಲ್ಕೋಹಾಲ್ ಎಲ್ಲ ಸೇರಿ ನನಗೆ ಆರು ಸಾವಿರದ ಒಳಗೆ ಮುಗಿಯಿತು. ‘ಅಗ್ಗ’ ಎನ್ನುವ ಮಾತಿಗೆ ಇದು ಮೇಲಿನ ಮಿತಿ.

ಈ ಕೆಲಸಕ್ಕೆ ಇಬ್ಬರು ಬೇಕೇ ಬೇಕು. ಬಿಸಿಲು, ಗಾಳಿ, ಧೂಳು ಮೂರೂ ಇಲ್ಲದ ಜಾಗವೂ ಬೇಕು. ಬೋರ್‌ವೆಲ್ ನೀರಿನಿಂದ ತೊಳೆದ ಗಾಡಿಯಲ್ಲಿ ಗಡಸು ನೀರಿನ ಬಿಳಿ ಕಲೆಗಳು ಉಳಿದಿದ್ದರೆ, ಮರದ ಅಂಟು ಬಿದ್ದಿದ್ದರೆ, ಅವನ್ನು ಕ್ಲೇ ಬಾರ್ ಎಂಬ ಜೇಡಿಯಂಥ ಉಂಡೆಯಿಂದ ಉಜ್ಜಿ ತೆಗೆಯಬೇಕು. ಹಾಳೆ ತನ್ನಡಿಯ ಒಂದೊಂದು ಕಾಳನ್ನೂ ತೋರಿಸುತ್ತದೆ. ಆಂಟೆನಾ ಬಿಚ್ಚಿ, ಎರಡೂ ಪಕ್ಕದ ಕಪ್ಪು ಪಟ್ಟಿಗಳನ್ನು ಎತ್ತಿ, ಹಾಳೆಯನ್ನು ನಡುವಿನಿಂದ ಅಂಚಿನ ಕಡೆಗೆ ಸ್ಕ್ವೀಜಿಯ ಒಂದು ಒರೆತದ ಮೇಲೆ ಇನ್ನೊಂದು ಸ್ವಲ್ಪ ಬೀಳುವಂತೆ ಒತ್ತುತ್ತ ಹೋದರೆ ಛಾವಣಿಯಂಥ ಬಹುಪಾಲು ಸಮತಟ್ಟಾದ ಜಾಗ ಹೊಸಬರ ಕೈಗೂ ಒಗ್ಗುತ್ತದೆ. ಬಂಪರ್ ಮತ್ತು ಕನ್ನಡಿಯ ಬಟ್ಟಲು ಹಾಗಲ್ಲ. ಎರಡು ದಿಕ್ಕಿಗೂ ಬಾಗಿದ ಅಂಥ ಮೈಗೆ ಹಾಳೆಯನ್ನು ಹಿಗ್ಗಿಸಿ ಕೂರಿಸಿದ ಮೇಲೆ ಮತ್ತೊಮ್ಮೆ ಜೋರಾಗಿ ಬಿಸಿ ಕೊಟ್ಟು ಅದರ ಎಳೆತವನ್ನು ಇಳಿಸದಿದ್ದರೆ ಕೆಲವೇ ವಾರಗಳಲ್ಲಿ ಎದ್ದುಬರುತ್ತದೆ, ಅದನ್ನು ಕಸುಬಿನವರಿಗೇ ಬಿಡುವುದು ಲೇಸು. ಇನ್ನೊಂದು ಎಚ್ಚರಿಕೆ: ಬ್ಲೇಡಿನಿಂದ ಗಾಡಿಯ ಮೇಲೆಯೇ ಹಾಳೆ ಕತ್ತರಿಸಿದರೆ ಬಣ್ಣದ ಮೇಲೂ ಗೆರೆ ಬೀಳುತ್ತದೆ, ಆ ಗೆರೆಯಿಂದಲೇ ಮುಂದೆ ತುಕ್ಕು ಶುರುವಾಗುತ್ತದೆ. ಒಳಗೆ ದಾರವಿರುವ ಕಟಿಂಗ್ ಟೇಪನ್ನು ಮೊದಲು ಅಂಟಿಸಿ, ಹಾಳೆ ಕೂತ ಮೇಲೆ ದಾರ ಎಳೆದು ಕತ್ತರಿಸುವುದು ಸುರಕ್ಷಿತ. ಹಿಂದೊಮ್ಮೆ ಸ್ಥಳೀಯವಾಗಿ ಬಣ್ಣ ಬಳಿಸಿದ ಭಾಗವಿದ್ದರೆ, ಮುಂದೆ ಹಾಳೆ ಕೀಳುವಾಗ ಆ ಬಣ್ಣವೂ ಕಿತ್ತುಬರಬಹುದು.

ಕಾನೂನಿನ ಮಾತನ್ನು ಇಲ್ಲಿಯೇ ಮುಗಿಸುತ್ತೇನೆ. ಗಾಡಿಯ ಬಣ್ಣ ಆರ್‌ಸಿಯಲ್ಲಿ ನಮೂದಾಗಿರುವುದರಿಂದ ಪೂರ್ತಿ ಬೇರೆ ಬಣ್ಣದ ಹಾಳೆ ಹೊದಿಸುವವರು ಆರ್‌ಟಿಓದಲ್ಲಿ ಬದಲಾವಣೆ ದಾಖಲಿಸಿಕೊಳ್ಳಬೇಕು, ಇಲ್ಲವಾದರೆ ವಿಮೆ ಕೇಳುವಾಗಲೂ ತಕರಾರು ಬರಬಹುದು. ಬಂಪರಿನ ಮುಂದೆ ಕಬ್ಬಿಣದ ಬುಲ್ ಬಾರ್ ಹಾಕಿಸುವುದು ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್ನಿಗೆ ವಿರುದ್ಧವೆಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ತಿಳಿಸಿದೆ. ಕಿಟಕಿಯ ಕಪ್ಪು ಫಿಲ್ಮನ್ನು ಸುಪ್ರೀಂ ಕೋರ್ಟ್ 2012ರಲ್ಲಿ ನಿಷೇಧಿಸಿತು. ನಿಯಮದ ಪ್ರಕಾರ ಮುಂದಿನ ಮತ್ತು ಹಿಂದಿನ ಗಾಜಿನಲ್ಲಿ ಶೇ 70ರಷ್ಟು, ಪಕ್ಕದ ಗಾಜಿನಲ್ಲಿ ಶೇ 50ರಷ್ಟು ಬೆಳಕು ಹಾಯಲೇಬೇಕು. ಜೆ.ಸಿ. ರಸ್ತೆಯಲ್ಲಿ ಎಷ್ಟೇ ಧೈರ್ಯ ಹೇಳಿ ಹಚ್ಚಿಕೊಟ್ಟರೂ ಸಿಗ್ನಲ್‌ನಲ್ಲಿ ದಂಡ ಕಟ್ಟುವವರು ನಾವೇ.

ಅಂಟಿಸುವ ಸಾಮಾನುಗಳ ಸಾಲು ದೊಡ್ಡದು: ಬಾಗಿಲ ಹಿಡಿಕೆಗೆ ಕ್ರೋಮ್ ಚಿಪ್ಪು, ಬಾನೆಟ್ ಮೇಲೆ ಗಾಳಿಯೇ ಹೋಗದ ಸುಳ್ಳು ಗೂಡು, ಇಲ್ಲದ ಎಂಜಿನ್ನಿನ ಹೆಸರು ಹೇಳುವ ಲಾಂಛನ. ಇವುಗಳ ಪ್ಲಾಸ್ಟಿಕ್ಕಿನ ಮೇಲಿನ ಕ್ರೋಮ್ ತೆಳುವಾದ ಲೇಪವಾದ್ದರಿಂದ ಬೇಗ ಸಿಪ್ಪೆ ಏಳುತ್ತದೆ. ಕರಾವಳಿಯ ಉಪ್ಪು ಗಾಳಿಯಲ್ಲಂತೂ ಕೇಳುವುದೇ ಬೇಡ. ಚಿಪ್ಪಿನ ಅಡಿಯಲ್ಲಿ ಸೇರುವ ನೀರು ಮತ್ತು ಮಣ್ಣು ಗಾಡಿ ಚಲಿಸುವಾಗ ಅದುರಿ ಅಸಲಿ ಬಣ್ಣವನ್ನು ತಿಕ್ಕುತ್ತದೆ. ನಾನು ಹಾಕಿದ್ದನ್ನು ಹೇರ್ ಡ್ರೈಯರಿನಿಂದ ಬಿಸಿ ಮಾಡಿ, ಮೀನು ಹಿಡಿಯುವ ನೈಲಾನ್ ದಾರವನ್ನು ಗರಗಸದಂತೆ ಆಡಿಸಿ ತೆಗೆದೆ. ಈ ಗುಂಪಿನಲ್ಲಿ ನಾನು ಉಳಿಸಿಕೊಂಡದ್ದು ಕಿಟಕಿಯ ಮೇಲಿನ ಮಳೆ ವೈಸರ್ ಒಂದನ್ನೇ. ಅಂದಕ್ಕೆ ಅದು ಏನನ್ನೂ ಕೂಡಿಸುವುದಿಲ್ಲ, ಆದರೆ ಮಲೆನಾಡಿನ ಮಳೆಯಲ್ಲಿ ಗಾಜನ್ನು ಎರಡು ಬೆರಳು ಇಳಿಸಿಕೊಂಡು ಹೋಗಬಹುದು.

ಒಳಗಿನ ಅಲಂಕಾರದಲ್ಲಿ ಬಣ್ಣ ಬದಲಿಸುವ ಎಲ್ಇಡಿ ಪಟ್ಟಿಗೆ ನನ್ನ ಶಿಫಾರಸು ಇಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೆಲವೇ ನೂರಕ್ಕೆ ಸಿಗುವ ಪಟ್ಟಿ ಕೆಟ್ಟದ್ದೇನಲ್ಲ, ಕೆಟ್ಟದ್ದು ಅದನ್ನು ಜೋಡಿಸುವ ರೀತಿ. ಸಿಕ್ಕ ತಂತಿಯ ರಬ್ಬರ್ ಸುಲಿದು, ಸುತ್ತಿ, ಟೇಪ್ ಹಚ್ಚಿ ಕೊಡುವ ಜೋಡಣೆಯಲ್ಲಿ ಫ್ಯೂಸ್ ಇರುವುದಿಲ್ಲ. ಬಿಸಿಲಿಗೆ ಟೇಪಿನ ಅಂಟು ಕರಗಿ ತಂತಿ ಗಾಡಿಯ ಲೋಹದ ಮೈಗೆ ತಗುಲಿದರೆ ಬೆಂಕಿಯವರೆಗೂ ಹೋಗಬಹುದು. ಬೇಕೇ ಬೇಕೆನ್ನುವವರು ಲೈಟರ್ ಸಾಕೆಟ್ಟಿಗೆ ಚುಚ್ಚುವ ಮಾದರಿಯನ್ನು ಕೊಳ್ಳಲಿ. ಸೀಟ್ ಕವರಿನ ವಿಷಯದಲ್ಲಿ ನೋಡಬೇಕಾದದ್ದು ಒಂದೇ: ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಇದ್ದರೆ ಅದು ಬಿರಿದು ಹೊರಬರಲು ಅನುವಾಗುವ ಹೊಲಿಗೆ ಕವರಿನಲ್ಲಿರಬೇಕು. ಡ್ಯಾಶ್‌ಬೋರ್ಡಿನ ಮೇಲೆ ಅಂಟಿಸುವ ಗಣಪನ ಮೂರ್ತಿಯೂ ಎಡಬದಿಯ ಏರ್‌ಬ್ಯಾಗ್ ಮುಚ್ಚಳದ ಮೇಲೆ ಕೂರಬಾರದು. ಅಪಘಾತದ ಹೊತ್ತಿನಲ್ಲಿ ಅದು ಪಕ್ಕದ ಸೀಟಿನವರ ಮುಖಕ್ಕೆ ಗುಂಡಿನಂತೆ ಹಾರುತ್ತದೆ. ನಡುವಿನ ಜಾಗ ದೇವರಿಗೂ ಅಡ್ಡಿಯಾಗದು.

ಸ್ಟೀರಿಂಗ್ ಕವರ್ ಮಾತ್ರ ನನ್ನನ್ನು ಅಚ್ಚರಿಗೊಳಿಸಿತು. ಎಳೆದು ಏರಿಸುವ ರಬ್ಬರಿನಂಥ ಬಳೆ ಬೇಡ. ಅದು ಬಿಸಿಲಿಗೆ ಸಡಿಲವಾಗಿ ತಿರುವಿನಲ್ಲಿ ಕೈಯೊಳಗೇ ಜಾರುವುದುಂಟು. ಐನೂರು ಏಳುನೂರರ ಆಸುಪಾಸಿನಲ್ಲಿ ಸಿಗುವ, ಸೂಜಿದಾರದಿಂದ ಹೊಲಿದು ಬಿಗಿಯುವ ಕೃತಕ ಚರ್ಮದ ಪಟ್ಟಿ ಬೇರೆಯೇ ದರ್ಜೆಯದು. ಅಂಚಿನುದ್ದಕ್ಕೂ ಮೊದಲೇ ಹಾಕಿರುವ ಕುಣಿಕೆಗಳಲ್ಲಿ ದಾರ ತೂರಿಸುತ್ತ, ಪ್ರತಿ ಹೊಲಿಗೆಯನ್ನೂ ಒಂದೇ ಬಲದಲ್ಲಿ ಎಳೆಯುತ್ತ ಸುತ್ತು ಮುಗಿಸಲು ಒಂದು ಇಡೀ ಸಂಜೆ ಬೇಕು, ಬೆರಳ ತುದಿ ಉರಿಯುತ್ತದೆ. ಕಡ್ಡಿಗಳು ಸೇರುವ ಜಾಗದಲ್ಲಿ ದಾರವನ್ನು ಮೇಲಿನಿಂದ ಹಾಯಿಸಿ ಕುಣಿಕೆಯಿಂದ ಕುಣಿಕೆಗೆ ದಾಟಿಸುವುದಷ್ಟೇ ಸ್ವಲ್ಪ ನಾಜೂಕು. ನಿಮ್ಮ ಸ್ಟೀರಿಂಗ್‌ನ ವ್ಯಾಸ ಅಳೆದು ಕೊಳ್ಳಿ, ಬಹುತೇಕ ಸಣ್ಣ ಕಾರುಗಳಲ್ಲಿ ಅದು 37–38 ಸೆಂಟಿಮೀಟರ್ ಸುಮಾರಿಗೆ ಇರುತ್ತದೆ. ಒಂದು ಸೆಂಟಿಮೀಟರ್ ಚಿಕ್ಕದಾದ ಪಟ್ಟಿ ಎಳೆದರೆ ಬಿಗಿಯಾಗಿ ಕೂರುತ್ತದೆ, ದೊಡ್ಡದಾದರೆ ಸುಕ್ಕು ಬಿದ್ದೇ ಬೀಳುತ್ತದೆ.

ಕೊನೆಯದಾಗಿ ಚಕ್ರ. ಹೊಸ ಪ್ಲಾಸ್ಟಿಕ್ ವೀಲ್ ಕ್ಯಾಪ್ ಕೊಳ್ಳುವ ಬದಲು ನಾನು ಇದ್ದದ್ದನ್ನೂ ತೆಗೆದು, ಸ್ಟೀಲ್ ಚಕ್ರಕ್ಕೆ ಮ್ಯಾಟ್ ಕಪ್ಪು ಬಣ್ಣ ಊದಿದೆ. ಟೈರಿಗೂ ರಿಮ್ಮಿಗೂ ನಡುವೆ ಸುತ್ತಲೂ ಹಳೆಯ ಇಸ್ಪೀಟ್ ಎಲೆಗಳನ್ನು ಸಿಕ್ಕಿಸಿದರೆ ಟೈರಿಗೆ ಬಣ್ಣ ತಾಗುವುದಿಲ್ಲ. ಒಂದು ಕಟ್ಟು ಎಲೆ ಒಂದು ಚಕ್ರಕ್ಕೆ ಧಾರಾಳ. ತುಕ್ಕನ್ನು ಉಜ್ಜಿ, ಪ್ರೈಮರ್ ಕೊಟ್ಟು, ತೆಳುವಾದ ಪದರಗಳಲ್ಲಿ ಊದಬೇಕು. ಬೇಡವಾದಾಗ ಸುಲಿದು ತೆಗೆಯಬಹುದಾದ ರಬ್ಬರ್ ಬಣ್ಣವೂ ಸಿಗುತ್ತದೆ, ಪ್ಲಾಸ್ಟಿ ಡಿಪ್ ಅವುಗಳಲ್ಲಿ ಹೆಸರಾದದ್ದು. ಅದನ್ನು ಮಾತ್ರ ನಾಲ್ಕೈದು ಪದರ ದಪ್ಪಗೇ ಊದಬೇಕು. ತೆಳುವಾದರೆ ಸುಲಿಯುವಾಗ ಚೂರುಚೂರಾಗಿ ಬಂದು ಪ್ರಾಣ ತಿನ್ನುತ್ತದೆ. ನಮ್ಮ ಜಲ್ಲಿ ರಸ್ತೆಗಳಿಗೆ ಪ್ರೈಮರ್ ಮೇಲಿನ ಸಾಮಾನ್ಯ ಬಣ್ಣವೇ ಮೇಲು, ಖರ್ಚೂ ಅರ್ಧಕ್ಕಿಂತ ಕಡಿಮೆ. ಯಾವುದೇ ಬಣ್ಣವಾದರೂ ನಟ್ಟಿನ ಇಳಿಜಾರು ಮೈ ಕೂರುವ ತೂತಿನ ಅಂಚಿಗೂ, ಚಕ್ರದ ಹಿಂಬದಿ ಹಬ್‌ಗೆ ತಾಗುವ ಜಾಗಕ್ಕೂ ಬೀಳದಂತೆ ಟೇಪ್ ಹಚ್ಚಿರಬೇಕು. ಅಲ್ಲಿ ಸಿಕ್ಕಿದ ಬಣ್ಣದ ಪದರ ಓಡಾಟದ ಬಿಸಿಗೆ ಕುಸಿದರೆ ನಟ್ಟಿನ ಬಿಗಿ ಸಡಿಲವಾಗುತ್ತದೆ. ಹಾಗಾಗಿ ಚಕ್ರ ಮತ್ತೆ ಹಾಕಿ ಸ್ವಲ್ಪ ದೂರ ಓಡಿಸಿದ ಮೇಲೆ ಹತ್ತಿರದ ಪಂಕ್ಚರ್ ಅಂಗಡಿಯಲ್ಲಾದರೂ ನಿಲ್ಲಿಸಿ ನಾಲ್ಕೂ ಚಕ್ರದ ನಟ್ಟುಗಳನ್ನು ಇನ್ನೊಮ್ಮೆ ಬಿಗಿಸಿಕೊಳ್ಳಿ.